ಸೋಮವಾರದ ಕೈ

ಬ್ಯಾಡಗಿ
ಫೆಬ್ರುವರಿ ಮೂವತ್ತು, ಎರಡು ಸಾವಿರದ ನೂರಾ ಐವತ್ತೊಂದು

ದಾಕ್ಷಾಯಣಿ ಬಣಕಾರ ಅಕ್ಕೋರ ಪಾದಗಳಿಗೆ, ನಿಮ್ಮ ತಮ್ಮ ಶಿವಯೋಗಿಯವರ ಮರಿಮಗಳ ಮೊಮ್ಮಗಳಾದ ಫಕೀರವ್ವ ಮಾಡುವ ನಮಸ್ಕಾರಗಳು. ಈ ಕಡೆ ನಾವೆಲ್ಲ ಕ್ಷೇಮ. ಆ ಕಡೆ ನೀವು ಕ್ಷೇಮವಿಲ್ಲ ಎಂದು ಗೊತ್ತಿರುವುದರಿಂದಲೇ ಬರೆಯುತ್ತಿದ್ದೇನೆ.

ತಾರೀಖು ಕಂಡ ಕೂಡಲೇ ಕೆಂಪು ಪೆನ್ನಿಗೆ ಕೈ ಹಾಕಬೇಡಿ. ಫೆಬ್ರುವರಿಗೆ ಮೂವತ್ತನೆಯ ದಿನ ಇಲ್ಲವೆಂದು ನೀವು ಊರಿನ ಅರ್ಧ ಮಕ್ಕಳಿಗೆ ಕಲಿಸಿದವರು, ನನಗೆ ಗೊತ್ತು. ಆದರೆ ನಮ್ಮ ಹಿಂದಿನವರು ಪಂಚಾಂಗ ಸರಿಮಾಡಲು ಕೂತಾಗ, ಪಾಪ, ಅದೊಂದೇ ತಿಂಗಳಿಗೆ ಯಾಕೆ ಅನ್ಯಾಯ ಎಂದು ಅದಕ್ಕೂ ಮೂವತ್ತು ದಿನ ಕೊಟ್ಟುಬಿಟ್ಟರು. ನನ್ನ ಭಾಷೆಯೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಬಹುದು. ನಿಮ್ಮ ಕಾಲದ ಅಚ್ಚಿನ ಕನ್ನಡ ಬಲ್ಲ ಮುದುಕರೊಬ್ಬರ ಎದುರು ಒಂದು ಚಳಿಗಾಲ ಪೂರ್ತಿ ಕೂತು ಕಲಿತು ಬರೆಯುತ್ತಿದ್ದೇನೆ. ಎಲ್ಲಾದರೂ ತಪ್ಪಿದ್ದರೆ ಬೆಂಚಿನ ಮೇಲೆ ನಿಲ್ಲಿಸಬೇಡಿ, ನನಗೂ ಐವತ್ತು ದಾಟಿದೆ, ಮೊಣಕಾಲು ಕೇಳುವುದಿಲ್ಲ.

ಇಂಥ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಹಿಂದೆ ಆಗಿಹೋದ ಒಬ್ಬ ಹಿರಿಯರಿಗೆ ಜೀವಮಾನದಲ್ಲಿ ಒಮ್ಮೆ ಬರೆಯಬಹುದು. ನಮ್ಮೂರ ಅಂಚೆಕಟ್ಟೆಯ ಮೂಲೆಯಲ್ಲಿ ಅದಕ್ಕೆಂದೇ ಒಂದು ಮಣ್ಣಿನ ಗಡಿಗೆ ಇದೆ, ಅದರೊಳಗೆ ಹಾಕಿ ಬರಬೇಕು. ತಲುಪುತ್ತದೆಯೇ ಎಂದು ಕೇಳಿದರೆ ಅಂಚೆಯಾಕೆ, “ಮುಟ್ಟಿಲ್ಲಂತ ಇಲ್ಲೀತನಕ ಯಾರೂ ತಕರಾರು ಮಾಡಿಲ್ರಿ” ಎಂದು ನಗುತ್ತಾಳೆ. ಹೆಚ್ಚಿನವರು ಸತ್ತ ಅಜ್ಜಿಗೆ ಹೋಳಿಗೆ ಸಾರಿನ ಹದ ಕೇಳಿ ಬರೆಯುತ್ತಾರೆ. ನನಗೆ ಸಾರು ಬೇಡ. ಸಾರು ನನಗೆ ಬರುತ್ತದೆ.

ಉದ್ದ ಪೀಠಿಕೆ ನಿಮಗೆ ಆಗದು ಎಂದು ಕೇಳಿದ್ದೇನೆ, ವಿಷಯಕ್ಕೆ ಬರುತ್ತೇನೆ. ಬರುವ ಸೋಮವಾರ ಸಂಜೆ ಶಾಲೆ ಬಿಟ್ಟ ಮೇಲೆ ನೀವು ಡಾಕ್ಟರ್ ಚನ್ನವೀರ ಕೋರಿಯ ದವಾಖಾನೆಗೆ ಕೆಮ್ಮು ತೋರಿಸಲು ಹೋಗುತ್ತೀರಿ. ಅವನು ನಿಮ್ಮ ಹಳೆಯ ವಿದ್ಯಾರ್ಥಿ. ಒಂದು ರಕ್ತಪರೀಕ್ಷೆಯ ಮಾತು ಅವನ ನಾಲಿಗೆಯ ತುದಿಗೆ ಬರುತ್ತದೆ, ನಿಮ್ಮ ಮುಖ ನೋಡಿ ನುಂಗಿಕೊಳ್ಳುತ್ತಾನೆ. ಅದು ಎಚ್‌ಐವಿ ಪರೀಕ್ಷೆ. ಅವನು ಆ ಮಾತು ಆಡದೆ ಇದ್ದುದರಿಂದ ಯುಗಾದಿಯ ಹೊತ್ತಿಗೆ ನೀವು ಇರುವುದಿಲ್ಲ. ಅವನು ಆಡುವುದಿಲ್ಲ ಅಕ್ಕೋರೆ, ನೀವೇ ಆಡಬೇಕು. ಕಾಗದದಲ್ಲಿ ಇರುವುದು ಇದಿಷ್ಟೇ. ಮುಂದೆ ಓದುವ ತಾಳ್ಮೆ ಇಲ್ಲದಿದ್ದರೆ ಇಲ್ಲಿಗೇ ಮಡಚಿಟ್ಟು, ಸೋಮವಾರಕ್ಕೂ ಕಾಯದೆ, ಚಪ್ಪಲಿ ಮೆಟ್ಟಿಕೊಂಡು ಹೊರಡಿ.

ಇನ್ನೂ ಓದುತ್ತಿದ್ದೀರಿ ಅಂದರೆ ನಿಮಗೆ ನಂಬಿಕೆ ಬಂದಿಲ್ಲ. ಇವಳು ಯಾರು, ನನ್ನ ಸಂಗತಿ ಇವಳಿಗೆ ಹೇಗೆ ಗೊತ್ತು ಎಂದು ಚಾಳೀಸು ಮೂಗಿನ ತುದಿಗೆ ಇಳಿಸಿ ನೋಡುತ್ತಿರಬೇಕು. ಹಾಗೆ ನೋಡುವುದು ನಮ್ಮ ಮನೆತನದಲ್ಲಿ ಇನ್ನೂ ಉಳಿದಿದೆ, ನನ್ನ ಮಗಳೂ ಹಾಗೇ ನೋಡುತ್ತಾಳೆ. ನಮ್ಮ ಪಡಸಾಲೆಯ ಗೋಡೆಯಲ್ಲಿ ನಿಮ್ಮ ಒಂದೇ ಒಂದು ಚಿತ್ರ ಇದೆ. ಇಳಕಲ್ ಸೀರೆ, ಎದೆಗೆ ಒತ್ತಿ ಹಿಡಿದ ಹಾಜರಿ ಪುಸ್ತಕ, ಅರ್ಧ ಕಪ್ಪು ಅರ್ಧ ಬಿಳಿ ತಲೆ. ಸಣ್ಣವಳಿದ್ದಾಗ ನನಗೆ ಆ ಚಿತ್ರ ಕಂಡರೆ ಹೆದರಿಕೆ. ಈಗ ನನಗೂ ನಿಮಗೂ ಒಂದೇ ವಯಸ್ಸು, ಬರುವ ವರ್ಷ ನಾನು ನಿಮಗಿಂತ ದೊಡ್ಡವಳಾಗುತ್ತೇನೆ. ಅದು ಯಾಕೋ ನನಗೆ ಸರಿಬರುವುದಿಲ್ಲ, ಹಿರಿಯರು ಹಿರಿಯರಾಗಿಯೇ ಇರಬೇಕು.

ನಿಮ್ಮ ಕಥೆಯನ್ನು ಚನ್ನವೀರ ಡಾಕ್ಟರೇ ತಮ್ಮ ಹತ್ತಿರ ಕೆಲಸ ಕಲಿಯಲು ಬಂದವರಿಗೆಲ್ಲ ಹೇಳುತ್ತಿದ್ದರು, ಅವರು ತಮ್ಮವರಿಗೆ ಹೇಳಿದರು, ಹಾಗೆ ಬಾಯಿಂದ ಬಾಯಿಗೆ ನಮ್ಮತನಕ ಬಂತು. ನಮಗೆ ಅವರು ದೊಡ್ಡವರು, ಊರ ನಡುವಿನ ಚೌಕಕ್ಕೆ ಅವರ ಹೆಸರಿದೆ. ಆದರೆ ನಿಮ್ಮೆದುರು ಬರೆಯುವಾಗ ಅವನು ಎನ್ನುವುದೇ ಚೆಂದ ಕಾಣುತ್ತದೆ.

ಪ್ರತಿ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ನೀವು ಮಕ್ಕಳ ಉಗುರು ನೋಡುತ್ತೀರಿ. ಮೊದಲು ನಿಮ್ಮ ಎರಡೂ ಕೈ ಚಾಚಿ ಮುಂದಿನ ಸಾಲಿನ ಒಂದು ಮಗುವನ್ನು ಕರೆದು, “ನೋಡವ್ವ, ಸ್ವಚ್ಛ ಅದಾವೇನು?” ಎನ್ನುತ್ತೀರಿ. ಆ ಮಗು ಮುಖ ಗಂಭೀರ ಮಾಡಿಕೊಂಡು ನಿಮ್ಮನ್ನು ಪಾಸು ಮಾಡಿದ ಮೇಲೆಯೇ ಸಾಲು ಮುಂದಕ್ಕೆ ಹೋಗುವುದು. ದಲಾಲಿ ಅಂಗಡಿಯ ಸಾಹುಕಾರರ ಮಗನೂ ಹಮಾಲರ ಮಗಳೂ ಅದೇ ಸಾಲಿನಲ್ಲಿ. ಸಾಹುಕಾರರೊಬ್ಬರು ಶಾಲೆಗೇ ಬಂದು, “ನಮ್ಮ ಹುಡುಗನ ಕೈನೂ ನೋಡ್ತೀರೇನ್ರಿ?” ಎಂದು ಮುಖ ಗಂಟುಹಾಕಿದಾಗ ನೀವು, “ಹೌದ್ರಿ, ಅವಗೂ ಹತ್ತ ಉಗುರು ಅದಾವಲ್ರಿ” ಅಂದಿರಂತೆ. ಆ ಮಾತಿಗೆ ನಾವು ಇವತ್ತೂ ನಗುತ್ತೇವೆ.

ಅದೇ ಸಾಲಿನಲ್ಲಿ ಒಂದು ಸೋಮವಾರ ಚನ್ನವೀರ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದ. ಅವನ ತಾಯಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ ಮಾಡುತ್ತಿದ್ದಳು, ಅವನೂ ಕೂತು ಬಿಡಿಸಿದ್ದ, ಬೆರಳೆಲ್ಲ ಕೆಂಪಾಗಿ ಉರಿಯುತ್ತಿದ್ದವು. ನೀವು ಬೈಯುತ್ತೀರಿ ಎಂದು ಅವನ ಕಣ್ಣಲ್ಲಿ ನೀರು. ನೀವು ಬೈಯಲಿಲ್ಲ. “ನೋಡೂದು ಬೈಯಾಕಲ್ಲೋ ತಮ್ಮಾ. ಎಲ್ಲಾರ್ದೂ ನೋಡ್ತೀನಿ. ತಗೋ, ಮೊದ್ಲ ನಂದ ನೋಡು” ಎಂದು ನಿಮ್ಮ ಕೈಯನ್ನೇ ಅವನ ಮುಂದೆ ಹಿಡಿದಿರಿ. ಆಮೇಲೆ ಅವನ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿ ಪಕ್ಕದಲ್ಲಿ ಕೂರಿಸಿಕೊಂಡಿರಿ. ನಿಮಗೆ ಇದು ಮರೆತೂ ಹೋಗಿರಬಹುದು. ಅವನು ಮುದುಕನಾಗಿ ಸಾಯುವ ತನಕ ಇದನ್ನು ಹೇಳುತ್ತಿದ್ದನಂತೆ.

ಇನ್ನು ನಿಮ್ಮ ಕೆಮ್ಮಿನ ವಿಷಯ. ಬ್ಯಾಡಗಿಯಲ್ಲಿ ಒಬ್ಬರು ಕೆಮ್ಮಿದರೆ ಇನ್ನೊಬ್ಬರು ತಿರುಗಿಯೂ ನೋಡುವುದಿಲ್ಲ. ಸುಗ್ಗಿಯಲ್ಲಿ ಮೆಣಸಿನಕಾಯಿ ಚೀಲ ಮಾರುಕಟ್ಟೆಯ ಯಾರ್ಡಿಗೆ ಬಂದು ಬಿದ್ದವೆಂದರೆ ಬಸ್ಸಿನಿಂದ ಇಳಿದವರು ಸೀನುತ್ತಾರೆ, ಮಂಗಳಾರತಿ ಹಿಡಿದ ಪೂಜಾರಿಯೂ ಕೆಮ್ಮುತ್ತಾನೆ. ಎಲ್ಲದಕ್ಕೂ ಒಂದೇ ಉತ್ತರ: ಘಾಟು. ನಿಮಗೂ ಹೋದ ಸುಗ್ಗಿಯ ಕೊನೆಗೆ ಕೆಮ್ಮು ಬಂತು, ಘಾಟು ಅಂದಿರಿ. ಮಳೆಗಾಲ ಬಂತು, ಯಾರ್ಡು ಖಾಲಿಯಾಯಿತು, ಊರಲ್ಲಿ ಯಾರಿಗೂ ಕೆಮ್ಮಿಲ್ಲ, ನೀವೊಬ್ಬರು ಕೆಮ್ಮುತ್ತಲೇ ಇದ್ದಿರಿ. ಆಗಲೂ ಘಾಟು ಎಂದೇ ಅಂದಿರಿ, ಕೇಳಿದವರೂ ಹೂಂಗುಟ್ಟಿದರು! ಅಯ್ಯೋ ನಮ್ಮೂರ ಜನವೇ, ಮೆಣಸಿನಕಾಯಿ ಇಲ್ಲದ ತಿಂಗಳಲ್ಲಿ ಘಾಟು ಎಲ್ಲಿಂದ ಬರಬೇಕು? ಜಂಪರು ಎರಡು ಸಲ ಬಿಗಿ ಮಾಡಿಸಿದಾಗ ದರ್ಜಿಯ ಹತ್ತಿರ, “ಸಕ್ಕರಿ ಬಿಟ್ಟೀನೋ, ಅದಕ್ಕ ಇಳದೀನಿ” ಅಂದಿರಿ. ಗಣಿತ ಕಲಿಸುವವರು ಇಷ್ಟು ಸುಲಭದ ಲೆಕ್ಕ ತಪ್ಪಬಾರದಿತ್ತು. ಇದನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ, ಪ್ರೀತಿ ಇಲ್ಲದವರ ಮೇಲೆ ಸಿಟ್ಟು ಬರುವುದಿಲ್ಲ.

ಚನ್ನವೀರ ಇಷ್ಟು ದಡ್ಡನಲ್ಲ. ಅವನಿಗೆ ಮಳೆಗಾಲದಲ್ಲೇ ಅನುಮಾನ ಬಂದಿತ್ತು. ನೀವು ದವಾಖಾನೆಯ ಬಾಗಿಲಿಗೆ ಬಂದರೆ ಅವನು ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಾನೆ, ನೀವು, “ಏಳಬ್ಯಾಡೋ, ಈಗ ನೀ ಡಾಕ್ಟರ” ಎಂದು ಗದರಿದರೂ ನೀವು ಕೂರುವ ತನಕ ಕೂರುವುದಿಲ್ಲ. ಎಕ್ಸರೇ ತೆಗೆಸಿದ, ಸಕ್ಕರೆ ನೋಡಿದ, ಸಿರಪ್ಪು ಬದಲಿಸಿದ. ಲಾರಿ ಡ್ರೈವರೊಬ್ಬ ಇದೇ ಕೆಮ್ಮು, ಹೀಗೇ ಇಳಿದ ಮೈ ತಂದಿದ್ದರೆ ಒಂದು ಗಳಿಗೆಯೂ ಯೋಚಿಸದೆ ಎಚ್‌ಐವಿ ಪರೀಕ್ಷೆ ಬರೆಯುತ್ತಿದ್ದ. ಮುಖ ನೋಡಿ ಪರೀಕ್ಷೆ ಬರೆಯುವ ಕಾಲ ನಿಮ್ಮದು, ಡ್ರೈವರನಿಗೆ ಅವಮಾನ, ಅಕ್ಕೋರಿಗೆ ಮರ್ಯಾದೆ. ಬರುವ ಸೋಮವಾರ ಅವನು ಪೆನ್ನು ಹಿಡಿದು, “ಅಕ್ಕೋರ, ಇನ್ನೊಂದು ರಕ್ತ ಪರೀಕ್ಷಾ...” ಎಂದು ಶುರುಮಾಡುತ್ತಾನೆ. ನೀವು, “ಯಾವುದಪಾ?” ಎನ್ನುತ್ತೀರಿ. ಅವನ ಕಿವಿ ಕೆಂಪಾಗುತ್ತದೆ. “ಏನಿಲ್ರಿ ಅಕ್ಕೋರ, ರಕ್ತ ಕಡಿಮಿ ಐತೇನು ನೋಡೂಣು ಅಂತ” ಎಂದು ಅದನ್ನೊಂದು ಬರೆದು ಕೊಡುತ್ತಾನೆ. ಅಕ್ಕೋರನ್ನು ನಾನು ಏನೆಂದು ತಿಳಿದೆ ಅಂದುಕೊಂಡಾರೋ ಎಂಬ ಅಂಜಿಕೆ ಅವನಿಗೆ. ನಿಮ್ಮನ್ನು ಅಷ್ಟು ಪ್ರೀತಿಸುತ್ತಿದ್ದ ಹುಡುಗ ಅವನು, ಅದಕ್ಕೇ ಕೇಳಲಾರದೆ ಹೋದ.

ಹೋಳಿ ಹುಣ್ಣಿಮೆಯ ಹೊತ್ತಿಗೆ ನಿಮಗೆ ಉಸಿರು ಸಿಗದಂತಾಯಿತು, ಶಿವಯೋಗಿ ಅಜ್ಜ ನಿಮ್ಮನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿ ನೀವು ಅಕ್ಕೋರು ಎಂದು ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಮೊದಲ ದಿನವೇ ಆ ಪರೀಕ್ಷೆ ಮಾಡಿದರು, ಇದೆ ಎಂದು ಗೊತ್ತಾಯಿತು. ಆದರೆ ಅಷ್ಟರಲ್ಲಿ ಎದೆಯೊಳಗಿನ ಸೋಂಕು ಕೈ ಮೀರಿತ್ತು. ಚನ್ನವೀರ ಸುದ್ದಿ ಕೇಳಿ ದವಾಖಾನೆಯ ಬಾಗಿಲು ಹಾಕಿ ಓಡಿ ಬಂದ. ನಿಮಗೆ ಆಗ ಮಾತಾಡಲು ಆಗುತ್ತಿರಲಿಲ್ಲ, ಅವನ ಕೈ ಹಿಡಿದು ಉಗುರು ನೋಡಿದಿರಂತೆ. ಇದನ್ನು ಬರೆಯುವಾಗ ನನಗೆ ಅಳು ಬರುತ್ತಿದೆ, ಸ್ವಲ್ಪ ತಡೆಯಿರಿ.

ಬಂದೆ. ನಿಮ್ಮನ್ನು ಮಣ್ಣು ಮಾಡಿದ ಮೇಲೆ ಅವನು ಬಹಳ ದಿನ ದವಾಖಾನೆ ತೆರೆಯಲಿಲ್ಲ. ತೆರೆದದ್ದು ಒಂದು ಸೋಮವಾರ. ಕುರ್ಚಿಯನ್ನು ಒಳಗಿನಿಂದ ಎಳೆದು ತಂದು ಕಟ್ಟೆಯ ಮೇಲೆ, ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ ಹಾಕಿದ. ಅದರಲ್ಲಿ ಕೂತು ನರ್ಸಮ್ಮನ ಮುಂದೆ ಕೈ ಚಾಚಿ, “ಮೊದ್ಲ ನಂದ ನೋಡ್ರಿ” ಅಂದ. ಆಮೇಲೆ ಅವನ ಹೆಂಡತಿ ಕೂತಳು, ಮುದಿ ತಾಯಿ ಕೂತಳು. ಅವತ್ತಿನಿಂದ ಅವನ ಹತ್ತಿರ ಮೊಣಕಾಲು ನೋವಿಗೆ ಬಂದವರಿಗೂ, ಕಿವಿ ಸೋರುತ್ತದೆ ಎಂದು ಬಂದವರಿಗೂ, ಬಿ.ಪಿ. ನೋಡುವ ಹಾಗೆ ಅದೂ ಒಂದು ಪರೀಕ್ಷೆ. ಮೊದಮೊದಲು ಊರು ಸಿಡಿಮಿಡಿಗೊಂಡಿತು. ಸಾಹುಕಾರರೊಬ್ಬರು ಮೇಜು ಕುಟ್ಟಿ, “ನಮ್ಮನ್ನ ಏನಂತ ತಿಳ್ಕೊಂಡಿಯೋ ಡಾಕ್ಟರ?” ಎಂದು ಕೂಗಾಡಿದರು. ಅವನು ತಣ್ಣಗೆ, “ಏನೂ ತಿಳ್ಕೊಂಡಿಲ್ರಿ. ತಿಳ್ಕೊಂಡಿದ್ದಕ್ಕ ಅಕ್ಕೋರು ಹೋದ್ರು. ಬ್ಯಾಡಂದ್ರ ಬ್ಯಾಡ, ಬಲವಂತ ಇಲ್ಲ. ಆದ್ರ ಕೇಳೂದು ಎಲ್ಲಾರ್ನೂ ಕೇಳ್ತೀನಿ” ಅಂದ. ಸಾಹುಕಾರರು ಅಂಗಿಯ ತೋಳು ಮಡಚಿ ಕೈ ಚಾಚಿದರು. ಅವರು ನಿಮ್ಮ ಸಾಲಿನಲ್ಲಿ ಉಗುರು ತೋರಿಸಿದ್ದ ಹುಡುಗನೇ ಆಗಿದ್ದರು.

ಎಲ್ಲರಿಗೂ ಮಾಡುತ್ತಾರೆ ಎಂದಾದ ಮೇಲೆ ಅದರ ನಾಚಿಕೆ ತಾನಾಗಿ ಕರಗಿತು. ಮೊದಲು ಆ ಪರೀಕ್ಷೆಗೆಂದೇ ಒಂದು ಕೋಣೆ ಇತ್ತಂತೆ, ಯಾರು ಒಳಗೆ ಹೋದರು ಎಂದು ಎದುರಿನ ಚಹಾದ ಅಂಗಡಿಯವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಇಡೀ ಊರೇ ಒಂದೇ ಬಾಗಿಲಿನಿಂದ ಹೋಗಿ ಬರತೊಡಗಿದಾಗ ನೋಡುವುದಕ್ಕೆ ಏನು ಉಳಿಯಿತು? ಬೇರೆ ದವಾಖಾನೆಯವರೂ ಹಿಡಿದರು, ಬೇರೆ ಊರಿನವರೂ ಹಿಡಿದರು. ಆ ಪರೀಕ್ಷೆಯನ್ನು ನಮ್ಮಲ್ಲಿ ಇವತ್ತೂ ಸೋಮವಾರದ ಕೈ ಎಂದೇ ಕರೆಯುತ್ತಾರೆ. ಗುರುವಾರ ಮಾಡಿಸಿದರೂ ಅದು ಸೋಮವಾರದ ಕೈಯೇ.

ನಮ್ಮ ದಿನಗಳು ಹೇಗಿವೆ ಎಂದು ಸ್ವಲ್ಪ ಹೇಳುತ್ತೇನೆ, ನಿಮಗೆ ಗೆಲುವಾದೀತು. ಬ್ಯಾಡಗಿಯಲ್ಲಿ ಈಗಲೂ ಮೆಣಸಿನಕಾಯಿಯೇ. ಖಾರ ಇನ್ನೂ ಕಡಿಮೆಯಾಗಿದೆ, ಬಣ್ಣ ಇನ್ನೂ ಏರಿದೆ. ಯಾರ್ಡಿನ ಕಂಬಗಳಿಗೆ ಕೆಮ್ಮುಗಿವಿ ಎಂಬ ಅಂಗೈಯಗಲದ ತಟ್ಟೆಗಳನ್ನು ಹಾಕಿದ್ದಾರೆ. ಅವು ಕೆಮ್ಮನ್ನು ಕೇಳಿ ಇದು ಘಾಟಿನದು, ಇದು ಬೇರೆಯದು ಎಂದು ಹೇಳುತ್ತವೆ. ಬೇರೆಯದಾದರೆ ಯಾರಿಗೂ ಕೇಳಿಸದಂತೆ ಕೆಮ್ಮಿದವರಿಗೆ ಮಾತ್ರ, “ಒಂದ್ಸಲ ತೋರಿಸ್ಕೊಂಡು ಬರ್ರಿ” ಎನ್ನುತ್ತವೆ. ನಮ್ಮ ಮುದುಕರು ಅದರ ಜೊತೆಗೂ ಜಗಳ ಆಡುತ್ತಾರೆ. ನನ್ನದು ಚೌಕದಲ್ಲಿ ಒಂದು ಚಾಳೀಸಿನ ಅಂಗಡಿ. ಕಣ್ಣು ನೋಡುವ ಮುಂಚೆ ನಾನೂ ಬಂದವರ ಬೆರಳಿನಿಂದ ಒಂದು ಹನಿ ರಕ್ತ ತೆಗೆಯುತ್ತೇನೆ. ಹಲ್ಲಿನವರೂ ತೆಗೆಯುತ್ತಾರೆ, ಬಾಣಂತಿ ನೋಡಲು ಬರುವ ದಾದಿಯೂ ಮನೆಮಂದಿಗೆಲ್ಲ ತೆಗೆಯುತ್ತಾಳೆ. ಹೊಸ ಗಿರಾಕಿ ಬಂದರೆ ಮೊದಲು ನನ್ನ ಬೆರಳನ್ನೇ ಚುಚ್ಚಿ ತೋರಿಸಬೇಕು, ಅದು ನಿಮ್ಮ ಕಾಲದ ಕ್ರಮ, ಬಿಟ್ಟಿಲ್ಲ. ಅಂಗಡಿಗೆ ಜನ ಹೆಚ್ಚು ಬಂದ ದಿನ ನನ್ನ ಬೆರಳಿನ ಅವಸ್ಥೆ ಕೇಳಬೇಡಿ.

ಬೇಡ ಎನ್ನುವವರೂ ಇದ್ದಾರೆ. ಬೇಡ ಅಂದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ, ಚಾಳೀಸು ಕೊಟ್ಟು ಕಳಿಸುತ್ತೇವೆ. ಇದೆ ಎಂದು ಬಂದರೆ ಹೇಗೆ ಬಂತು ಎಂದೂ ಕೇಳುವುದಿಲ್ಲ. ನಿಮಗೆ ಅದು ತೀರಿಕೊಂಡ ಯಜಮಾನರಿಂದ ಬಂತೋ, ಎಂದೋ ಹಾಕಿಸಿಕೊಂಡ ಒಂದು ಸೂಜಿಯಿಂದ ಬಂತೋ, ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ತಿಳಿಯುವ ಆಸೆಯೂ ಇಲ್ಲ. ಆ ಪ್ರಶ್ನೆ ಕೇಳುವುದು ನಮ್ಮಲ್ಲಿ ಬೈಗುಳಕ್ಕೆ ಸಮ. ಇನ್ನೊಂದು ಪದ್ಧತಿ ಇದೆ, ನಿಮಗೆ ಇಷ್ಟವಾಗುತ್ತದೆ. ಇದೆ ಎಂಬ ಸುದ್ದಿ ಹೇಳುವವರು ನಿಂತು ಹೇಳುವಂತಿಲ್ಲ, ಎದುರು ಕೂತು, ಒಂದೇ ತಟ್ಟೆಯಲ್ಲಿ ಗಿರ್ಮಿಟ್ ಹಂಚಿ ತಿನ್ನುತ್ತ ಹೇಳಬೇಕು. ತಟ್ಟೆ ಖಾಲಿಯಾಗುವ ತನಕ ಎದ್ದು ಹೋಗುವಂತಿಲ್ಲ.

ನನಗೆ ಗೊತ್ತಿರುವುದು ಕೇಳಿ ಅಲ್ಲ, ತಿಂದು. ಮದುವೆಯಾದ ಹೊಸತರಲ್ಲಿ ದವಡೆ ಹಲ್ಲು ಕೀಳಿಸಲು ಹೋಗಿದ್ದೆ. ಹಲ್ಲಿನಾಕೆ ಸೋಮವಾರದ ಕೈ ಮಾಡಿ, ಹಲ್ಲು ಕಿತ್ತು, ಒಳಗೆ ಹೋಗಿ ಗಿರ್ಮಿಟ್ ತಟ್ಟೆ ಹಿಡಿದುಕೊಂಡು ಬಂದಳು. ತಟ್ಟೆ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಬಾಯಿ ತುಂಬ ಹತ್ತಿ, ಅಗಿಯಲು ಬಾರದು, ಅಳಲೂ ಸರಿಯಾಗಿ ಬಾರದು. ಅವಳು ಒಂದೊಂದೇ ಚುರುಮುರಿ ಕಾಳು ನನ್ನ ಬಾಯಿಗೆ ಇಡುತ್ತ, “ಏನೂ ಆಗೂದಿಲ್ಲ, ಮೆಲ್ಲಕ ತಿನ್ನು” ಎನ್ನುತ್ತ ಕೂತಳು. ಆಮೇಲೆ ತೋಳಿನ ಚರ್ಮದ ಕೆಳಗೆ ಜೋಳದ ಕಾಳಿನಷ್ಟು ಸಣ್ಣದೊಂದು ಔಷಧಿ ಇಟ್ಟರು, ಅದಕ್ಕೆ ಕಾವಲುಕಾಳು ಎನ್ನುತ್ತಾರೆ, ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ಮುಂದೆ ನನ್ನ ಮಗಳು ಹುಟ್ಟಿದಳು, ಅವಳಿಗೆ ಅದು ಇಲ್ಲ. ನನ್ನ ಗಂಡನಿಗೂ ಇಲ್ಲ. ಹಲ್ಲು ನೋವು ಬಂದದ್ದಕ್ಕೆ ನಾನು ಬದುಕಿದೆ, ನಿಮಗೂ ಒಂದು ಹಲ್ಲು ನೋವು ಬರಬಾರದಿತ್ತೇ ಅಕ್ಕೋರೆ?

ಈಗ ಕಷ್ಟದ ಮಾತಿಗೆ ಬರುತ್ತೇನೆ. ಈ ಕಾಗದವನ್ನು ಇಲ್ಲಿಯತನಕ ಬರೆದು ನನ್ನ ಮಗಳಿಗೆ ಓದಿ ಹೇಳಿದೆ. ಅವಳು ಚಾಳೀಸು ಇಳಿಸಿ ನೋಡಿ, “ಯವ್ವಾ, ಅಕ್ಕೋರು ಉಳದ್ರ ಡಾಕ್ಟರಿಗೆ ಬುದ್ಧಿ ಬರೂದಿಲ್ಲ. ಅವಗ ಬುದ್ಧಿ ಬರ್ಲಿಲ್ಲಂದ್ರ ಸೋಮವಾರದ ಕೈ ಇಲ್ಲ. ಅದಿಲ್ಲಂದ್ರ ನೀ ಇಲ್ಲ, ನಾನೂ ಇಲ್ಲ. ಗಡಿಗ್ಯಾಗ ಹಾಕಬ್ಯಾಡ” ಅಂದಳು. ಅವಳು ಹೇಳಿದ್ದು ಸುಳ್ಳಲ್ಲ. ನೀವು ಸತ್ತದ್ದರಿಂದ ನಾನು ಬದುಕಿದ್ದೇನೆ, ಅವಳೂ ಇದ್ದಾಳೆ, ಹೆಸರು ಗೊತ್ತಿಲ್ಲದ ಎಷ್ಟೋ ಜನ ಇದ್ದಾರೆ. ಕಾಗದವನ್ನು ಅಡಿಗೆಮನೆಯ ಖಾರದಪುಡಿ ಡಬ್ಬಿಯ ಹಿಂದೆ ತುರುಕಿದೆ. ಬಹಳ ದಿನ ಅದು ಅಲ್ಲೇ ಇತ್ತು. ಪಡಸಾಲೆ ದಾಟುವಾಗ ನಿಮ್ಮ ಚಿತ್ರದ ಕಡೆ ಮುಖ ಎತ್ತಲು ಆಗುತ್ತಿರಲಿಲ್ಲ.

ಒಂದು ಸೋಮವಾರ ಅಂಗಡಿಯಲ್ಲಿ ಒಂದು ಸಣ್ಣ ಹುಡುಗಿಗೆ ನನ್ನ ಬೆರಳು ತೋರಿಸುತ್ತಿದ್ದಾಗ ಥಟ್ಟನೆ ಹೊಳೆಯಿತು. ಊರಿನ ಮಕ್ಕಳಿಗೆಲ್ಲ ಉಗುರು ತೆಗೆಯುವುದನ್ನು ಕಲಿಸಿದವರು ನೀವು. ಅದನ್ನು ಕಲಿಸಲು ನೀವು ಸಾಯಬೇಕಾಗಿರಲಿಲ್ಲವಲ್ಲ! ಎದುರು ನಿಂತು, ಮೊದಲು ನಿಮ್ಮ ಕೈ ತೋರಿಸಿ ಕಲಿಸಿದಿರಿ. ನಿಮ್ಮ ಹೆಣ ನೋಡಿ ಚನ್ನವೀರ ಕಲಿತದ್ದನ್ನು ನಿಮ್ಮ ಬೈಗುಳ ಕೇಳಿಯೂ ಕಲಿಯುತ್ತಾನೆ. ಅವನು ಒಳ್ಳೆಯ ವಿದ್ಯಾರ್ಥಿ, ನೀವೇ ಹೇಳಿದ ಮಾತು. ಮಗಳಿಗೆ ಇದನ್ನು ಹೇಳಿದೆ. ಅವಳು ತಾನೇ ಹೋಗಿ ಡಬ್ಬಿಯ ಹಿಂದಿನಿಂದ ಕಾಗದ ತೆಗೆದು, ಖಾರದಪುಡಿ ಒರೆಸಿ ತಂದು ಕೊಟ್ಟಳು. ಅದಕ್ಕೇ ಅಂಚು ಕೆಂಪಾಗಿದೆ, ಸೀನು ಬಂದರೆ ಕ್ಷಮಿಸಿ.

ಆದ್ದರಿಂದ ನನ್ನ ಬೇಡಿಕೆ ಎರಡು. ಸೋಮವಾರ ಅವನು, “ಏನಿಲ್ರಿ ಅಕ್ಕೋರ” ಅಂದ ಕೂಡಲೇ ಎದ್ದು ಬರಬೇಡಿ. ಮೇಜಿನ ಮೇಲೆ ಕೈ ಇಟ್ಟು, “ಚನ್ನವೀರ, ಎಚ್‌ಐವಿದೂ ಬರಿ” ಎನ್ನಿ. ಅವನ ಕಿವಿ ಕೆಂಪಾಗುತ್ತದೆ, ಪೆನ್ನು ಬೀಳಿಸುತ್ತಾನೆ, “ನಿಮಗ್ಯಾಕ್ರಿ ಅಕ್ಕೋರ” ಎನ್ನುತ್ತಾನೆ. “ನನಗೂ ರಕ್ತ ಐತಲ್ಲೋ” ಎನ್ನಿ. ಇದೆ ಎಂದು ಬರುತ್ತದೆ. ಹೆದರಬೇಡಿ. ನಿಮ್ಮ ಕಾಲದಲ್ಲೇ ಅದಕ್ಕೆ ಗುಳಿಗೆ ಇವೆ, ದಿನಾ ತಪ್ಪದೆ ತೆಗೆದುಕೊಂಡರೆ ತಮ್ಮನ ಮೊಮ್ಮಕ್ಕಳನ್ನು ಆಡಿಸುವಷ್ಟು ಆಯುಷ್ಯ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಾರೆ. ಯಾರಾದರೂ ಒಂದು ಮಾತು ಅಂದರೆ ಅನ್ನಲಿ. ನಿಮ್ಮನ್ನು ಎದುರು ನಿಂತು ಮಾತಾಡಿಸುವ ಧೈರ್ಯ ಬ್ಯಾಡಗಿಯಲ್ಲಿ ಯಾರಿಗಿದೆ?

ಎರಡನೆಯದು ಸ್ವಲ್ಪ ದೊಡ್ಡದು. ಗುಳಿಗೆ ಹತ್ತಿ, ಕೆಮ್ಮು ನಿಂತು, ಜಂಪರು ಮತ್ತೆ ಸಡಿಲ ಮಾಡಿಸಿದ ಮೇಲೆ ಒಂದು ಸೋಮವಾರ ಅವನ ದವಾಖಾನೆಗೆ ಹೋಗಿ. ರೋಗಿಯ ಕುರ್ಚಿಯಲ್ಲಿ ಅವನನ್ನು ಕೂರಿಸಿ. ನನ್ನನ್ನು ಕೇಳಲು ಯಾಕೆ ಅಂಜಿದೆ ಎಂದು ಕೇಳಿ, ಅವನು ತಲೆ ತಗ್ಗಿಸುತ್ತಾನೆ. ಬೈಯಿರಿ, ಆದರೆ ಬಹಳ ಬೈಯಬೇಡಿ. ಆಮೇಲೆ ಅವತ್ತು ಸಾಲಿನಲ್ಲಿ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ: ನೋಡುವುದು ಬೈಯುವುದಕ್ಕಲ್ಲ, ಎಲ್ಲರದೂ ನೋಡು, ಮೊದಲು ನಿನ್ನದು ತೋರಿಸು. ಕುರ್ಚಿಯನ್ನು ಕಟ್ಟೆಯ ಮೇಲೆ ಎಳೆಯಲು ಅವನಿಗೆ ಒಂದು ಕೈ ಹಚ್ಚಿ. ನೀವು ಇಷ್ಟು ಮಾಡಿದರೆ ನಾನೂ ಇರುತ್ತೇನೆ, ನನ್ನ ಮಗಳೂ ಇರುತ್ತಾಳೆ ಎಂದು ನಂಬಿ ಈ ಕಾಗದ ಹಾಕುತ್ತಿದ್ದೇನೆ. ನಂಬಿಕೆ ಸುಳ್ಳಾದರೂ ನಿಮ್ಮ ಮೇಲೆ ನನಗೆ ಬೇಸರ ಇರುವುದಿಲ್ಲ, ಬೇಸರ ಮಾಡಿಕೊಳ್ಳಲು ನಾನೇ ಇರುವುದಿಲ್ಲವಲ್ಲ.

ಹೊತ್ತಾಯಿತು, ಅಂಚೆಕಟ್ಟೆ ಮುಚ್ಚುವ ಮುಂಚೆ ಹೋಗಬೇಕು. ಕಾಗದ ಮುಟ್ಟಿತೋ ಇಲ್ಲವೋ ಎಂದು ತಿಳಿಯುವುದಕ್ಕೆ ನನಗೆ ಇರುವುದು ಒಂದೇ ದಾರಿ. ನಾಳೆ ಬೆಳಗ್ಗೆ ಎದ್ದು, ಮುಖ ತೊಳೆದು, ಚಾಳೀಸು ಹಾಕಿಕೊಂಡು ಪಡಸಾಲೆಗೆ ಬರುತ್ತೇನೆ. ಆ ಚಿತ್ರದಲ್ಲಿ ನಿಮ್ಮ ತಲೆ ಪೂರ್ತಿ ಬೆಳ್ಳಗಾಗಿದೆಯೇ ನೋಡುತ್ತೇನೆ.

ನಿಮ್ಮ ಮನೆಯ ಹುಡುಗಿ,
ಫಕೀರವ್ವ